ನನ್ನ ಹೆಸರಿನಲ್ಲಿ ರಿಮೋಟ್ ತೆಗೆದುಕೊಂಡವನು

ನಾನು ಕೆಲಸ ಬಿಟ್ಟು ಎರಡು ವರ್ಷವಾಯಿತು. ಈಗಲೂ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಫೋನ್ ಬಡಿದುಕೊಂಡರೆ ಕೈ ತಾನಾಗಿ ಅಂಗಿಯ ಕಿಸೆಯಲ್ಲಿ ಪೆನ್ನು ಹುಡುಕುತ್ತದೆ. ಹೆಂಡತಿ ನಗುತ್ತಾಳೆ. "ಈಗ ಯಾವ ದವಾಖಾನಿ ಕಂಪ್ಯೂಟರ್ ಮಲಗೇತ್ರಿ?" ಎನ್ನುತ್ತಾಳೆ. ಯಾವುದಾದರೂ ಮಲಗಿದ್ದರೆ ಚೆನ್ನಾಗಿತ್ತು ಎಂದು ನನಗೆ ಒಳಗೊಳಗೇ ಅನ್ನಿಸುವುದು ಸುಳ್ಳಲ್ಲ.

ನಮ್ಮದು ಶಿಗ್ಗಾವಿಯಲ್ಲಿದ್ದ ಒಂದು ಚಿಕ್ಕ ಖಾಸಗಿ ಕಚೇರಿ. ಶಿಗ್ಗಾವಿ, ಸವಣೂರು, ಹಾನಗಲ್, ಹಿರೇಕೆರೂರು ಈ ನಾಲ್ಕು ತಾಲೂಕುಗಳ ಸಣ್ಣ ದವಾಖಾನೆ, ರಕ್ತ ತಪಾಸಣೆಯ ಲ್ಯಾಬು, ಔಷಧಿ ಅಂಗಡಿ ಹೀಗೆ ಸುಮಾರು ನಲವತ್ತು ಕಡೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನಮ್ಮ ಕೆಲಸ. ನೋಡಿಕೊಳ್ಳುವವನು ನಾನು. ನಾನು ನೋಡಿಕೊಂಡೆನೋ ಇಲ್ಲವೋ ಎಂದು ನೋಡುವವರು ಮಾಲಕರಾದ ದೇಸಾಯಿ ಸಾಹೇಬರು. ನನ್ನ ಕುರ್ಚಿಗೆ ಈಗ ಬಂದಿರುವ ಹೆಣ್ಣುಮಗಳು ಮೊನ್ನೆ ಮನೆಗೆ ಬಂದು, "ಬಡಿಗೇರ ಸರ್, ರಿಮೋಟ್ ವಿಷಯದಾಗ ಏನೇನು ಜ್ವಾಕಿ ಮಾಡಬೇಕು, ನಿಮಗ ಗೊತ್ತಿದ್ದದ್ದು ಬರದು ಕೊಡ್ರಿ" ಎಂದಳು. ನಿಯಮಗಳೆಲ್ಲ ಕಚೇರಿಯ ಕಡತದಲ್ಲಿವೆ, ಬೇಕಾದವರು ಓದಿಕೊಳ್ಳಬಹುದು. ಕಡತದಲ್ಲಿ ಇಲ್ಲದ್ದನ್ನು ಇಲ್ಲಿ ಬರೆಯುತ್ತೇನೆ.

ಮೊದಮೊದಲು ನಮಗೆ ಬಸ್ಸೇ ಗತಿ. ಒಂದು ರೆಕ್ಸಿನ್ ಚೀಲ, ಅದರಲ್ಲಿ ನಾಲ್ಕು ಸ್ಕ್ರೂಡ್ರೈವರು, ಧೂಳು ಹೊಡೆಯುವ ಬ್ರಷ್ಷು, ಒಂದಿಷ್ಟು ಸಿ.ಡಿ.ಗಳು, ಎರಡು ವೈರು. ಒಮ್ಮೆ ತಿಳವಳ್ಳಿಯ ದವಾಖಾನೆಯಿಂದ ಫೋನ್ ಬಂತು. "ಸರ್, ಕಂಪ್ಯೂಟರ್ ಪೂರಾ ಹೋತ್ರಿ, ಜೀವಾನ ಇಲ್ಲ" ಎಂದರು. ನಾನು ಬಂಕಾಪುರ ದಾಟಿ, ಹಾನಗಲ್ಲಿನಲ್ಲಿ ಬಸ್ಸು ಬದಲಿಸಿ, ತಿಳವಳ್ಳಿ ಮುಟ್ಟುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಹೋಗಿ ನೋಡಿದರೆ ಕಂಪ್ಯೂಟರಿನ ಪ್ಲಗ್ಗು ಕಿತ್ತು ಅದೇ ಜಾಗಕ್ಕೆ ಸಿರಿಂಜು ಕುದಿಸುವ ಡಬ್ಬಿಯ ಪ್ಲಗ್ಗು ಹಾಕಿದ್ದರು. ನಾನು ಪ್ಲಗ್ಗು ಬದಲಿಸಿದೆ. ಕಂಪ್ಯೂಟರಿಗೆ ಜೀವ ಬಂತು. ಅಲ್ಲಿದ್ದ ನರ್ಸ್ ಕೈಮುಗಿದು, "ಭಾರಿ ಕೈಗುಣ ಐತ್ರಿ ನಿಮ್ದು" ಎಂದಳು. ಬೈಯಬೇಕೆಂದು ಬಾಯಿ ತೆರೆದವನು ಅವರು ತರಿಸಿದ ಮಿರ್ಚಿ ಭಜಿ ತಿಂದು ಮರಳಿ ಬಂದೆ.

ಆ ದಿನಗಳ ನೆನಪಾದರೆ ಈಗಲೂ ಖುಷಿಯಾಗುತ್ತದೆ. ಯಾವ ಊರಿನ ಕಂಪ್ಯೂಟರಿಗೆ ಯಾವ ಕಾಯಿಲೆ ಎನ್ನುವುದರ ಜೊತೆಗೆ ಯಾವ ಊರಿನಲ್ಲಿ ಯಾರ ಮಗಳ ಮದುವೆ ಎನ್ನುವುದೂ ಗೊತ್ತಿರುತ್ತಿತ್ತು. ಚಿಕ್ಕೇರೂರಿನಲ್ಲಿ ಚಹಾ ಕುಡಿಯದೆ ಎದ್ದರೆ ಸಿಟ್ಟಾಗುತ್ತಿದ್ದರು. ಸವಣೂರಿಗೆ ಹೋದರೆ ಬರುವಾಗ ಚೀಲದಲ್ಲಿ ಸವಣೂರು ಖಾರದ ಪೊಟ್ಟಣ ಇರಲೇಬೇಕು, ಇಲ್ಲದಿದ್ದರೆ ಮನೆಯಲ್ಲಿ ನನ್ನ ಮುಖ ಯಾರೂ ನೋಡುತ್ತಿರಲಿಲ್ಲ. ಕೆಲಸ ಕಡಿಮೆ, ತಿರುಗಾಟ ಹೆಚ್ಚು ಎಂದು ದೇಸಾಯಿ ಸಾಹೇಬರು ಗೊಣಗುತ್ತಿದ್ದರು.

ಗೊಣಗಿ ಗೊಣಗಿ ಒಂದು ದಿನ ಅವರೇ ಮದ್ದು ತಂದರು. "ಬಡಿಗೇರ, ಇನ್ನ ನಿನ್ನ ಬಸ್ಸಿನ ಪಾಸು ಬಂದ್" ಎಂದರು. ದೂರದಲ್ಲಿ ಕೂತು ಬೇರೆಯವರ ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರ್ ಅದು. ನಲವತ್ತೂ ಕಡೆ ಅದರ ಒಂದು ತುಣುಕು ಹಾಕಿಟ್ಟೆವು. ನಮ್ಮ ಕಚೇರಿಯ ಪರದೆಯ ಮೇಲೆ ನಲವತ್ತು ಹೆಸರುಗಳ ಪಟ್ಟಿ ಬಂತು. ಪಟ್ಟಿಯ ಒಳಗೆ ಹೋಗಲು ಒಂದು ಪಾಸ್‌ವರ್ಡ್. ಕೆಲವು ಜಾಗಗಳಲ್ಲಿ ಪಾಸ್‌ವರ್ಡಿನ ಬದಲು ಅಲ್ಲಿಯವರ ಅನುಮತಿ ಬೇಕಾಗುತ್ತಿತ್ತು. ಅವರ ಪರದೆಯ ಮೇಲೆ ಒಂದು ಸಂಖ್ಯೆ ಮೂಡುತ್ತಿತ್ತು, ಅದನ್ನು ಅವರು ಫೋನಿನಲ್ಲಿ ಓದಿ ಹೇಳಿದರೆ ನಾನು ಒಳಗೆ. ಇದಕ್ಕೆ ನಮ್ಮ ಭಾಷೆಯಲ್ಲಿ 'ರಿಮೋಟ್ ತೆಗೆದುಕೊಳ್ಳುವುದು' ಎಂದು ಹೆಸರಾಯಿತು.

ಮೊದಲ ಸಲ ಹಿರೇಕೆರೂರಿನ ಲ್ಯಾಬಿನ ರಿಮೋಟ್ ತೆಗೆದುಕೊಂಡಾಗ ಅಲ್ಲಿಯ ತಂತ್ರಜ್ಞ ಒಂದು ಮಾತೂ ಆಡಲಿಲ್ಲ. ಕೆಲಸ ಮುಗಿಸಿ, "ಏನ್ರಿ, ಅದೀರೇನು?" ಎಂದು ಕೇಳಿದೆ. "ಅದೀನ್ರಿ ಸರ್, ಇಲ್ಲೇ ನಿಂತೇನಿ" ಎಂದ. ಯಾಕೆ ನಿಂತೆ ಎಂದು ಕೇಳಿದರೆ, "ನೀವು ಕೆಲಸ ಮಾಡಾಕತ್ತಿದ್ರೆಲ್ರಿ, ಅದಕ್ಕ ಕುರ್ಚಿ ಬಿಟ್ಟು ಎದ್ದೆ" ಎಂದ. ಅರ್ಧ ತಾಸು ಖಾಲಿ ಕುರ್ಚಿಯ ಪಕ್ಕದಲ್ಲಿ ನಿಂತಿದ್ದನಂತೆ. ದೇಸಾಯಿ ಸಾಹೇಬರು ಈ ಕತೆಯನ್ನು ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದರು. ನಾನೂ ನಗುತ್ತಿದ್ದೆ. ಆ ಮರ್ಯಾದೆಯಲ್ಲಿ ಅಪಾಯ ಇರಬಹುದೆಂದು ಇಬ್ಬರಿಗೂ ಹೊಳೆಯಲಿಲ್ಲ.

ನನ್ನ ಎಡವಟ್ಟುಗಳಿಗೆ ಲೆಕ್ಕವಿಲ್ಲ. ಪಟ್ಟಿಯಲ್ಲಿ ಹಂಸಭಾವಿ, ಹಾನಗಲ್, ಹಿರೇಕೆರೂರು ಒಂದರ ಕೆಳಗೊಂದು ಇದ್ದವು. ಹಾನಗಲ್ಲಿನ ಕಂಪ್ಯೂಟರ್ ಬಂದ್ ಮಾಡಿ ಮತ್ತೆ ಚಾಲೂ ಮಾಡಬೇಕಿತ್ತು. ಚಹಾ ಕುಡಿಯುತ್ತ ಒಂದು ಸಾಲು ಕೆಳಗೆ ಒತ್ತಿಬಿಟ್ಟೆ. ಹಿರೇಕೆರೂರಿನಲ್ಲಿ ಹತ್ತು ಜನ ರಕ್ತದ ರಿಪೋರ್ಟಿಗಾಗಿ ಕಾಯುತ್ತಿದ್ದರು, ಅರ್ಧ ಮುದ್ರಣವಾದ ಕಾಗದ ಪ್ರಿಂಟರಿನಲ್ಲೇ ನಿಂತಿತು. ಸಾಹೇಬರು ಅಂದು ಬೈಯಲಿಲ್ಲ. "ಇದು ಸಿಂಪಿಗ್ಯಾನ ಕತ್ತರಿ ಇದ್ದಂಗ. ಬಟ್ಟಿ ಯಾರದು ಅಂತ ನೋಡಿ ಕತ್ತರಸು" ಎಂದಷ್ಟೇ ಹೇಳಿದರು. ಒಳ್ಳೆಯ ಮಾತು. ಅಂಥ ಮಾತು ಹೇಳಿದ ಸಾಹೇಬರೇ ನಲವತ್ತು ಕಡೆಗೂ ಒಂದೇ ಪಾಸ್‌ವರ್ಡ್ ಇಡಿಸಿದ್ದರು, ನೆನಪಿಡಲು ಸುಲಭ ಎಂದು. ಹಂಸಭಾವಿಯ ಔಷಧಿ ಅಂಗಡಿಯಲ್ಲಿ ಅದನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಟ್ಟಿದ್ದರು. ನಾನು ನೋಡಿ, ಅಕ್ಷರ ಚಂದ ಐತಿ ಎಂದು ಹೊಗಳಿ ಬಂದಿದ್ದೆ.

ಇನ್ನು ನಮ್ಮ ಕಡೆಯ ಫೋನಿನ ರೀತಿ ಹೇಳಬೇಕು. ನಮ್ಮಲ್ಲಿ ಫೋನ್ ಮಾಡಿದವನು ಹೆಸರು ಹೇಳುವುದಿಲ್ಲ. "ನಾನ್ರೀ" ಎನ್ನುತ್ತಾನೆ. ಕೇಳಿಸಿಕೊಂಡವರು ಧ್ವನಿಯಿಂದಲೇ ಗುರುತು ಹಿಡಿದು "ಹಾಂ, ಹೇಳ್ರಿ" ಎನ್ನಬೇಕು. "ಯಾರ್ರೀ?" ಎಂದು ಕೇಳಿದರೆ ನಂಟಸ್ತಿಕೆಗೇ ಏಟು ಬಿದ್ದಂತೆ. ನಾನೂ ಹಾಗೇ ಮಾಡುತ್ತಿದ್ದೆ. "ನಾನ್ರೀ, ರಿಮೋಟ್ ಕೊಡ್ರಿ" ಎನ್ನುವುದು, ಅವರು ಸಂಖ್ಯೆ ಓದುವುದು. ನನ್ನ ಸ್ವಭಾವವೂ ಸ್ವಲ್ಪ ಬಿಸಿ. ಕೈಗೆ ಸಿಕ್ಕ ಫೋನಿನಿಂದ ಮಾತಾಡುತ್ತಿದ್ದೆ, ಒಮ್ಮೆ ಕಚೇರಿಯದು, ಒಮ್ಮೆ ನನ್ನದು, ಒಮ್ಮೆ ಚಹಾದಂಗಡಿಯವನದು. ಯಾರಾದರೂ ಯಾರು ಎಂದು ಕೇಳಿದರೆ ರೇಗುತ್ತಿದ್ದೆ.

ಸವಣೂರಿನ ಹೆರಿಗೆ ದವಾಖಾನೆಯ ಕಂಪ್ಯೂಟರಿನಲ್ಲಿ ಕೂರುತ್ತಿದ್ದವಳು ಮೆಹರುನ್ನಿಸಾ. ಆಕೆಯ ಅಪ್ಪ ವೀಳ್ಯದೆಲೆ ಮಾರುತ್ತಿದ್ದವರು. ಆ ಮನೆತನದಲ್ಲಿ ಕಂಪ್ಯೂಟರಿನ ಮುಂದೆ ಕೂತ ಮೊದಲ ಹೆಣ್ಣುಮಗಳು, ಹಾಗಾಗಿ ಓಣಿಯಲ್ಲಿ ಆಕೆಯ ಹೆಸರೇ 'ಕಂಪ್ಯೂಟರ್ ಮೆಹರುನ್ನಿಸಾ' ಎಂದಾಗಿತ್ತು. ಬಸುರಿಯರ ಹೆಸರು, ರಕ್ತದ ಗುಂಪು, ತಪಾಸಣೆಯ ವಿವರ, ದಿನ ತುಂಬುವ ತಾರೀಖು ಎಲ್ಲ ಆಕೆಯೇ ಬರೆಯುತ್ತಿದ್ದಳು. ಆಕೆ ಹೊಸದಾಗಿ ಸೇರಿದಾಗ ನನ್ನ ಫೋನಿಗೆ "ಯಾರ್ರೀ ಮಾತಾಡೂದು?" ಎಂದಿದ್ದಳು. ನಾನು, "ಸೇರಿ ಎಂಟು ದಿನಾತು, ನನ್ನ ಧ್ವನಿ ಗೊತ್ತಾಗೂದಿಲ್ಲೇನು? ದವಾಖಾನಿಯಾಗ ಕುಂತು ಯಾರ್ರೀ ಅಂತ ಕೇಳ್ತಿಯಲ್ಲ, ಹೇಳಿದಷ್ಟು ಮಾಡು" ಎಂದು ಗದರಿದ್ದೆ. ಎರಡು ನಿಮಿಷದಲ್ಲಿ ಮರೆತೂ ಬಿಟ್ಟೆ.

ಆಮೇಲೆ ಆದದ್ದು ಇದು. ಒಂದು ಬುಧವಾರ, ಬೆಳಿಗ್ಗೆ ಹನ್ನೊಂದರ ಸುಮಾರು. ಮೆಹರುನ್ನಿಸಾಳ ಫೋನ್ ಬಂತು.

"ಸರ್, ನಿಮ್ದು ಇನ್ನೂ ಎಷ್ಟೊತ್ತು ಐತ್ರಿ? ಪೇಷಂಟ್‌ಗೋಳು ಸಾಲು ಹಚ್ಚಿ ನಿಂತಾರ."

"ನಂದು ಏನು?"

"ರಿಮೋಟ್ ತಗೊಂಡೀರಲ್ರಿ. ತಾಸಾತು."

ನಾನು ಆ ದಿನ ಸವಣೂರಿನ ರಿಮೋಟ್ ತೆಗೆದುಕೊಂಡೇ ಇರಲಿಲ್ಲ. "ಪರದೆ ಮ್ಯಾಲೆ ಏನು ಕಾಣಸ್ತೈತಿ?" ಎಂದು ಕೇಳಿದೆ.

"ಮೌಸಿನ ಬಾಣ ತಾನ ಓಡಾಡಾಕತ್ತೈತ್ರಿ. ಫೈಲ್‌ನ ಹೆಸರೆಲ್ಲ ಒಂದೊಂದ ಬದಲಾಗಾಕತ್ತಾವು."

"ತಂಗೀ, ಗ್ವಾಡಿ ಕಡೆ ಹೋಗೂ ಇಂಟರ್‌ನೆಟ್ ವೈರ್ ಕೀಳು. ಈಗಿಂದೀಗ ಕೀಳು!"

ಕಿತ್ತಳು. ಬಾಣ ನಿಂತಿತು ಎಂದಳು. ನಾನು ನಮ್ಮ ಪಟ್ಟಿಯನ್ನು ತೆರೆದು ನೋಡಿದೆ. ಹಿರೇಕೆರೂರಿನ ಲ್ಯಾಬಿನ ಮುಂದೆ ಹಸಿರು ಚುಕ್ಕೆ ಉರಿಯುತ್ತಿತ್ತು, ಅಂದರೆ ಯಾರೋ ಅದರ ರಿಮೋಟ್ ತೆಗೆದುಕೊಂಡಿದ್ದರು. ಪಕ್ಕದಲ್ಲಿ ಹೆಸರಿತ್ತು: ಬಡಿಗೇರ. ನನ್ನ ಹೆಸರಿನಲ್ಲಿ, ನನ್ನ ಪಾಸ್‌ವರ್ಡಿನಲ್ಲಿ, ನನ್ನ ಕಣ್ಣೆದುರೇ ಒಬ್ಬ ನನ್ನ ಕೆಲಸ ಮಾಡುತ್ತಿದ್ದ. ವೈರಸ್ ಹಿಡಿಯುವ ಸಾಫ್ಟ್‌ವೇರ್ ಎಲ್ಲ ಕಡೆಯೂ ಇತ್ತು. ಅದು ಚಕಾರ ಎತ್ತಲಿಲ್ಲ. ಒಳಗೆ ಬಂದ ಉಪಕರಣ ನಮ್ಮದೇ, ನಾವೇ ಹಾಕಿದ್ದು, ಅದಕ್ಕೆ ಯಾಕೆ ಅನುಮಾನ ಬರಬೇಕು? ಹೊಸಬರು ಈ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ನಮ್ಮ ಸಾಫ್ಟ್‌ವೇರನ್ನು ಕಳ್ಳ ಒಡೆಯಬೇಕಾಗಿಲ್ಲ, ನಮ್ಮ ಹಾಗೆ ಬಳಸಿದರೆ ಅವನಿಗೆ ಸಾಕು.

ಪಟ್ಟಿಯ ಪಾಸ್‌ವರ್ಡ್ ಬದಲಿಸಿದೆ. ಒಳಗಿದ್ದವರನ್ನೆಲ್ಲ ಹೊರಗೆ ಹಾಕುವ ಗುಂಡಿ ಒತ್ತಿದೆ. ಅಷ್ಟರಲ್ಲಿ ಅವನು ಎಲ್ಲೆಲ್ಲಿ ಕೈಯಾಡಿಸಿದ್ದಾನೋ ಗೊತ್ತಿರಲಿಲ್ಲ, ಹಾಗಾಗಿ ದೇಸಾಯಿ ಸಾಹೇಬರು ಒಂದು ಫೋನು, ನಾನೊಂದು ಫೋನು ಹಿಡಿದು ನಲವತ್ತೂ ಕಡೆ ಹಚ್ಚಿದೆವು. "ನಾನ್ರೀ, ವೈರ್ ಕೀಳ್ರಿ" ಎಂದೆ. ಕಿತ್ತರು. ಹಾನಗಲ್ಲಿನವರು ಕಿತ್ತರು, ಚಿಕ್ಕೇರೂರಿನವರು ಕಿತ್ತರು, ತಿಳವಳ್ಳಿಯಲ್ಲಿ ಉತ್ಸಾಹ ಹೆಚ್ಚಾಗಿ ಪ್ರಿಂಟರಿನ ವೈರನ್ನೂ ಕಿತ್ತರು. ಯಾರೂ ಯಾರು ಎಂದು ಕೇಳಲಿಲ್ಲ, ಯಾಕೆ ಎಂದೂ ಕೇಳಲಿಲ್ಲ. ಮೊದಲ ಹತ್ತು ಕಡೆ ಸಮಾಧಾನವಾಯಿತು. ಆಮೇಲೆ ಹೆದರಿಕೆಯಾಗತೊಡಗಿತು. ನಾನು ಹೇಳಿದ್ದಕ್ಕೆ ಕಿತ್ತ ಇವರು ಬೇರೆ ಯಾರು ಹೇಳಿದರೂ ಕೀಳುತ್ತಿದ್ದರಲ್ಲ ಎನ್ನಿಸಿತು.

ಸವಣೂರಿನಲ್ಲಿ ನಡೆದದ್ದು ನಿಧಾನಕ್ಕೆ ತಿಳಿಯಿತು. ಒಬ್ಬ ಫೋನ್ ಮಾಡಿ, "ನಾನ್ರೀ, ಶಿಗ್ಗಾವಿ ಆಫೀಸಿಂದ, ರಿಮೋಟ್ ಕೊಡ್ರಿ" ಎಂದಿದ್ದ. ನಮ್ಮ ಕಚೇರಿಯ ಹೆಸರು, ನನ್ನ ಹೆಸರು ಎರಡನ್ನೂ ಪ್ರತಿ ಕಂಪ್ಯೂಟರಿನ ಮೇಲೂ ಚೀಟಿ ಅಂಟಿಸಿ ಸಾರಿದವರು ನಾವೇ, ಅವನಿಗೆ ಎಲ್ಲಿ ಸಿಕ್ಕಿತೋ ಕೊನೆವರೆಗೂ ತಿಳಿಯಲಿಲ್ಲ. ಮೆಹರುನ್ನಿಸಾ ಸಂಖ್ಯೆ ಓದಿ ಹೇಳಿದ್ದಳು. ಅಷ್ಟೇ ಆಗಿದ್ದರೆ ಒಂದು ಕಂಪ್ಯೂಟರಿಗೆ ಮುಗಿಯುತ್ತಿತ್ತು. ಹಿಂದಿನ ತಿಂಗಳು ನಾನು ಅಲ್ಲಿಗೆ ಹೋದಾಗ ಅದೇ ಕಂಪ್ಯೂಟರಿನಲ್ಲಿ ಕೂತು ನಮ್ಮ ನಲವತ್ತರ ಪಟ್ಟಿ ತೆರೆದಿದ್ದೆ. ಪಾಸ್‌ವರ್ಡ್ ನೆನಪಿಟ್ಟುಕೊಳ್ಳಲೇ ಎಂದು ಕಂಪ್ಯೂಟರ್ ಕೇಳಿತ್ತು, ಹೂಂ ಎಂದಿದ್ದೆ. ಸವಣೂರಿನ ಬಾಗಿಲಿನಿಂದ ಬಂದವನಿಗೆ ಉಳಿದ ಮೂವತ್ತೊಂಬತ್ತರ ಕೀಲಿಯನ್ನು ನಾನೇ ಗೂಟಕ್ಕೆ ತೂಗುಹಾಕಿ ಬಂದಿದ್ದೆ.

ಹಿರೇಕೆರೂರಿನಲ್ಲಿ ಏನೂ ಕೆಡಲಿಲ್ಲ. ಸವಣೂರಿನಲ್ಲಿ ಬಸುರಿಯರ ದಾಖಲೆಗಳೆಲ್ಲ ಬೀಗ ಹಾಕಿದಂತಾಗಿ, ಬಿಡಿಸಲು ಹಣ ಕೇಳುವ ಒಂದು ಓಲೆ ಪರದೆಯ ಮೇಲೆ ಕೂತಿತ್ತು. ಅದಕ್ಕೆ ಉತ್ತರ ಕೊಡಲಿಲ್ಲ, ಪೊಲೀಸರಿಗೆ ತಿಳಿಸಿದೆವು. ಪುಣ್ಯಕ್ಕೆ ಅಲ್ಲಿಯ ಹಿರಿಯ ನರ್ಸ್ ಕಂಪ್ಯೂಟರನ್ನು ಒಂದು ದಿನವೂ ನಂಬಿದವರಲ್ಲ. ಉದ್ದನೆಯ ರಿಜಿಸ್ಟರಿನಲ್ಲಿ ಎಲ್ಲವನ್ನೂ ಬರೆದಿಟ್ಟಿದ್ದರು, ಹೆರಿಗೆಯಲ್ಲಿ ಹೆಚ್ಚು ಜೋಪಾನ ಬೇಕಾದ ನೆಗೆಟಿವ್ ರಕ್ತದ ಗುಂಪಿನವರ ಹೆಸರು ಕೆಂಪು ಶಾಯಿಯಲ್ಲಿ. ಇಷ್ಟು ವರ್ಷ ಆ ರಿಜಿಸ್ಟರನ್ನು ನೋಡಿ ನಾನು ನಗುತ್ತಿದ್ದೆ.

ಮುಂದೆ ನಮ್ಮ ಕೆಲಸದ ರೀತಿಯೇ ಬದಲಾಯಿತು. ಪ್ರತಿ ಕಡೆಗೂ ಬೇರೆ ಪಾಸ್‌ವರ್ಡ್ ಬಂತು. ಪಟ್ಟಿ ತೆರೆಯಲು ಪಾಸ್‌ವರ್ಡಿನ ಜೊತೆಗೆ ನನ್ನ ಫೋನಿಗೆ ಬರುವ ಸಂಖ್ಯೆಯೂ ಬೇಕು, ಅದೂ ನಮ್ಮ ಕಚೇರಿಯ ಕಂಪ್ಯೂಟರಿನಿಂದ ಮಾತ್ರ. ನಮ್ಮದೊಂದನ್ನು ಬಿಟ್ಟು ಬೇರೆ ಯಾವ ರಿಮೋಟ್ ಸಾಫ್ಟ್‌ವೇರೂ ಏಳದಂತೆ ಎಲ್ಲ ಕಡೆ ಬಂದ್ ಮಾಡಿದೆವು. ಸವಣೂರಿನ ಕಂಪ್ಯೂಟರನ್ನು ಕೆದಕಿದಾಗ ಕಳ್ಳ ಮತ್ತೆ ಬರಲು ಅಂಥದ್ದೇ ಇನ್ನೊಂದನ್ನು ಮೂಲೆಯಲ್ಲಿ ಬಚ್ಚಿಟ್ಟು ಹೋಗಿದ್ದು ಸಿಕ್ಕಿತ್ತು. ಯಾರು ಯಾವಾಗ ಯಾರ ರಿಮೋಟ್ ತೆಗೆದುಕೊಂಡರು ಎಂಬ ಯಾದಿಯನ್ನು ದಿನಾ ಬೆಳಿಗ್ಗೆ ಚಹಾಕ್ಕೂ ಮೊದಲು ಓದತೊಡಗಿದೆ. ಫೋನ್ ಬಂದರೆ ಸಂಖ್ಯೆ ಕೊಡದೆ ಇಟ್ಟುಬಿಡಿ, ಕಚೇರಿಯ ನಂಬರಿಗೆ ನೀವೇ ತಿರುಗಿ ಮಾಡಿ ಎಂದು ಎಲ್ಲರಿಗೂ ಹೇಳಿದೆವು.

ಇದೆಲ್ಲ ಆಮೇಲಿನದು. ಅದಕ್ಕೂ ಮೊದಲು ಒಂದು ವರದಿ ಬರೆಯಬೇಕಿತ್ತು. ದವಾಖಾನೆಯ ಡಾಕ್ಟರ್ ಮೇಡಂ ಬಹಳ ಸಿಟ್ಟಾಗಿದ್ದರು. ಸಂಖ್ಯೆ ಓದಿ ಹೇಳಿದವಳನ್ನು ಕೆಲಸದಿಂದ ತೆಗೆಯುತ್ತೇನೆ, ಮೊದಲು ನಿಮ್ಮ ವರದಿ ಬರಲಿ ಎಂದಿದ್ದರು. ದೇಸಾಯಿ ಸಾಹೇಬರು ನನ್ನನ್ನು ಎದುರಿಗೆ ಕೂರಿಸಿಕೊಂಡರು.

"ದವಾಖಾನಿ ಸಿಬ್ಬಂದಿಯ ಅಜಾಗರೂಕತೆಯಿಂದ ಅಂತ ಬರಿ. ಸುಳ್ಳೇನಲ್ಲ ಅದು. ನಂಬರ್ ಕೊಟ್ಟಾಕಿ ಆಕಿನ."

"ಪಾಸ್‌ವರ್ಡ್ ಅಲ್ಲೆ ಬಿಟ್ಟು ಬಂದಾವ ನಾನ್ರೀ."

"ಅದನ್ನ ಬರದ್ರ ನಾಳೆ ನಲವತ್ತರಾಗ ನಾಲ್ಕೂ ಉಳಿಯಂಗಿಲ್ಲ ನಮಗ. ವಿಚಾರ ಮಾಡು, ಬಡಿಗೇರ."

ಸಾಹೇಬರು ಕೆಟ್ಟವರಲ್ಲ. ನನ್ನ ಮಗಳ ಮದುವೆಯಲ್ಲಿ ಮೂರು ದಿನ ನಿಂತು ಕೆಲಸ ಮಾಡಿದವರು. ನಾನು ವಿಚಾರ ಮಾಡಿದೆ, ಅವರು ಹೇಳಿದಂತೆಯೇ ಬರೆದೆ. ಇದನ್ನು ಮುಚ್ಚಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ. ಬರೆದೆ, ಸಹಿ ಮಾಡಿದೆ, ಮಡಿಚಿ ಲಕೋಟೆಗೆ ಹಾಕಿದೆ.

ಮರುದಿನ ಬೆಳಿಗ್ಗೆ ಲಕೋಟೆ ಹಿಡಿದು ಸವಣೂರಿನ ಬಸ್ಸು ಹತ್ತಿದೆ. ದವಾಖಾನೆಯಲ್ಲಿ ಮೆಹರುನ್ನಿಸಾ ರಿಜಿಸ್ಟರನ್ನು ತೊಡೆಯ ಮೇಲೆ ಇಟ್ಟುಕೊಂಡು ಹೊಸ ಕಂಪ್ಯೂಟರಿನಲ್ಲಿ ಮೊದಲಿನಿಂದ ಎಲ್ಲ ಬರೆಯುತ್ತಿದ್ದಳು. ಒಂದು ಸಾಲು ನೋಡುವುದು, ತಲೆಯೆತ್ತಿ ಒತ್ತುವುದು, ಮತ್ತೆ ತಲೆ ಬಗ್ಗಿಸುವುದು. ನನ್ನನ್ನು ಕಂಡು ಎದ್ದು ನಿಂತಳು.

"ಬರ್ರಿ ಸರ್, ಕೂಡ್ರಿ. ಚಾ ತರಸ್ತೇನಿ."

ನನ್ನ ವರದಿಯ ಮೇಲೆ ತನ್ನ ಕೆಲಸ ನಿಂತಿದೆ ಎಂದು ಆಕೆಗೆ ಗೊತ್ತಿತ್ತು. ಆದರೂ ಚಹಾ ತರಿಸಿದಳು. ಅಷ್ಟರಲ್ಲಿ ಮೇಡಂ ಇಬ್ಬರನ್ನೂ ಒಳಗೆ ಕರೆದರು. ಕೈ ಚಾಚಿ, "ವರದಿ ಕೊಡ್ರಿ" ಎಂದರು.

ನಾನು ಕೊಡಲಿಲ್ಲ. ಯಾಕೆ ಎಂದು ಇವತ್ತೂ ಸರಿಯಾಗಿ ಹೇಳಲಾರೆ. ಆಕೆ ಕತ್ತು ಬಗ್ಗಿಸಿ ನಿಂತಿದ್ದನ್ನು ನೋಡಿದ್ದಕ್ಕೆ ಇರಬಹುದು. "ಮೇಡಂ, ಇದರಾಗ ಬರದಿದ್ದು ಖರೇ ಅಲ್ರಿ. ಪಾಸ್‌ವರ್ಡ್ ನಿಮ್ಮ ಕಂಪ್ಯೂಟರಿನ್ಯಾಗ ಬಿಟ್ಟು ಹೋದಾವ ನಾನು. ಫೋನ್‌ನ್ಯಾಗ ಹೆಸರು ಹೇಳದ ಮಾತಾಡೂದು ಇವರಿಗೆಲ್ಲಾ ರೂಢಿ ಮಾಡಿದಾವನೂ ನಾನ. ತಪ್ಪು ಪೂರಾ ನಂದು. ಆಕಿ ಪಾಪ, ಏನೂ ತಿಳೀದಾಕಿ. ಆಕಿನ್ನ ಬಿಟ್ಟುಬಿಡ್ರಿ" ಎಂದೆ.

ದೊಡ್ಡ ಮನುಷ್ಯನಂತೆ ಮಾತಾಡಿದೆ ಎಂದು ನನಗೇ ಅನ್ನಿಸಿತು. ಮೆಹರುನ್ನಿಸಾ ತಲೆ ಎತ್ತಿದಳು. ಆಕೆಯ ಮುಖದಲ್ಲಿ ನಾನು ಕಾಯುತ್ತಿದ್ದ ನಿರಾಳ ಇರಲಿಲ್ಲ.

"ಏನೂ ತಿಳೀದಾಕಿ ಅನ್ನಬ್ಯಾಡ್ರಿ ಸರ್" ಎಂದಳು. "ಆ ಧ್ವನಿ ನಿಮ್ದಲ್ಲ ಅಂತ ಮೊದಲನೇ ಮಾತಿಗೇ ನನಗ ಅನಿಸಿತ್ತು. ಯಾರ್ರೀ ಅಂತ ಕೇಳಬೇಕಂತ ಬಾಯಿ ತಗದಿದ್ದೆ. ನೀವ ಇದ್ರ ಮತ್ತ ಬೈತೀರಿ ಅಂತ ಅಂಜಿ ಮುಚ್ಚಿದೆ. ಹಿಂದ ನೀವು ಬೈದಾಗ ಈ ಫೋನ್ ಸ್ಪೀಕರ್ ಮ್ಯಾಲಿತ್ರಿ. ಇಡೀ ವರಾಂಡಾ ಕೇಳಸ್ಕೊಂಡಿತ್ತು."

ಕಳ್ಳನನ್ನು ಬಾಗಿಲಲ್ಲೇ ಗುರುತು ಹಿಡಿದವಳು ನಲವತ್ತು ಕಡೆಗೂ ಅವಳೊಬ್ಬಳೇ. ಅವಳ ಬಾಯಿಯನ್ನು ನಾನು ತಿಂಗಳುಗಳ ಮೊದಲೇ ಮುಚ್ಚಿಸಿ ಇಟ್ಟಿದ್ದೆ. ಅಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ.

"ತಪ್ಪಾತು, ತಂಗಿ" ಎಂದೆ. ಇಡೀ ಸರ್ವಿಸ್ಸಿನಲ್ಲಿ ಆ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ.

ಮೇಡಂ ನಮ್ಮಿಬ್ಬರನ್ನೂ ನೋಡಿದರು. ಆಮೇಲೆ ಆಕೆಗೆ, "ಹೋಗವಾ, ಹೊರಗ ಪೇಷಂಟ್ಸ್ ಕಾಯಾಕತ್ತಾರ. ರಿಜಿಸ್ಟರ್ ಇನ್ನೂ ಅರ್ಧ ಐತಿ" ಎಂದರು. ನನಗೆ, ಹೊಸ ವರದಿ ಬರೆದು ಕಳಿಸಿರಿ, ಈಗ ಹೇಳಿದ್ದೆಲ್ಲ ಅದರಲ್ಲಿರಲಿ ಎಂದರು.

ನಾನು ಹೊರಗೆ ಬಂದೆ. ಬಸ್ಸಿಗೆ ಇನ್ನೂ ಹೊತ್ತಿತ್ತು. ಮೆಹರುನ್ನಿಸಾ ಮತ್ತೆ ತಲೆ ಬಗ್ಗಿಸಿ, ಎತ್ತಿ, ಬಗ್ಗಿಸಿ ಬರೆಯುತ್ತಿದ್ದಳು. ಒಂದು ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತೆ. ರಿಜಿಸ್ಟರನ್ನು ಆಕೆಯ ತೊಡೆಯಿಂದ ತೆಗೆದುಕೊಂಡು ಓದಿ ಹೇಳತೊಡಗಿದೆ. ಹೆಸರು, ವಯಸ್ಸು, ಊರು, ರಕ್ತದ ಗುಂಪು.

ನನಗೆ ಯಾವತ್ತೂ ಅವಸರ. ಮೂರನೆಯ ಹೆಸರಿಗೇ ಆಕೆ ಕೈ ನಿಲ್ಲಿಸಿದಳು.

"ಸಾವಕಾಶ ಓದ್ರಿ ಸರ್" ಎಂದಳು. "ಹೆಣ್ಣಮಕ್ಕಳ ಜೀವದ ವಿಷಯ ಐತಿ. ಆ ಕೆಂಪು ಶಾಯಿಯಂದು ಇನ್ನೊಮ್ಮೆ ಹೇಳ್ರಿ."

ಇನ್ನೊಮ್ಮೆ ಹೇಳಿದೆ.